ಕೊನೆಗೆ ಹತ್ತುವವನು

ಸಂಗಮನಾಥ ಯಾವ ಬಾಗಿಲನ್ನೂ ತಟ್ಟದೆ ಮುಚ್ಚುವುದಿಲ್ಲ. ತೆರೆಯುವ ಮುಂಚೆ ತಟ್ಟುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಮುಚ್ಚುವ ಮುಂಚೆ ತಟ್ಟುವವನು ಛತ್ರಪತಿ ಸಂಭಾಜಿನಗರದ ಆ ಓಣಿಯಲ್ಲಿ ಅವನೊಬ್ಬನೇ. ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟುತ್ತಾನೆ, ಒಂದು ಉಸಿರು ಕಾಯುತ್ತಾನೆ, ಆಮೇಲೆ ಮುಚ್ಚುತ್ತಾನೆ. ಬಚ್ಚಲಿನ ಬಾಗಿಲಾಗಲಿ, ಬಟ್ಟೆಯ ಕಪಾಟಾಗಲಿ, ಇದೇ ಕ್ರಮ. ಮೊಮ್ಮಗಳು ಭಾಗ್ಯಶ್ರೀ, ಫ್ರಿಜ್ಜಿನಲ್ಲಿ ಯಾರಿದ್ದಾರೆ ಅಜ್ಜಾ ಎಂದು ಮರಾಠಿಯಲ್ಲಿ ಕೇಳಿ ನಗುತ್ತಾಳೆ. ಹೆಂಡತಿ ನಾಗಮ್ಮನದು ಇನ್ನೂ ಚುರುಕು ನಾಲಿಗೆ.

"ತಟ್ರಿ ತಟ್ರಿ. ಒಳಗ ಬದನಿಕಾಯಿ ಅದ, ಓ ಅಂತದ."

ಅವನು ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಎಪ್ಪತ್ತೈದು ವರ್ಷದ ಈ ಮನುಷ್ಯ ವಾಳೂಜಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು ಎಂಬುದಷ್ಟೇ ಓಣಿಗೆ ಗೊತ್ತು. ಅದಕ್ಕೂ ಮುಂಚೆ ಅವನು ಹದಿನೈದು ವರ್ಷ ನೌಕಾಪಡೆಯಲ್ಲಿದ್ದ. ಭಾಲ್ಕಿ ತಾಲೂಕಿನ ಹಳ್ಳಿಯ ಹುಡುಗ. ಸೇರುವ ದಿನದವರೆಗೂ ಅವನು ಕಂಡಿದ್ದ ದೊಡ್ಡ ನೀರೆಂದರೆ ಊರಿನ ಕೆರೆ. ಅದೂ ಬೇಸಿಗೆಯಲ್ಲಿ ಇರುತ್ತಿರಲಿಲ್ಲ.

ಅವನನ್ನು ಹಾಕಿದ್ದು ಒಂದು ಕ್ರೂಸರಿಗೆ. ಆ ಹಡಗು ಈಗ ಇಲ್ಲ, ಎಂದೋ ಒಡೆದು ಗುಜರಿಗೆ ಹಾಕಿದರು. ಎಪ್ಪತ್ತೊಂದರ ಯುದ್ಧದಲ್ಲಿ ಅದು ಅರಬ್ಬೀ ಸಮುದ್ರದ ಮೇಲೆ ಬೂದಿ ಬಣ್ಣದ ಒಂದು ಊರಿನಂತೆ ಚಲಿಸುತ್ತಿತ್ತು. ಮೇಲೆ ತೋಪುಗಳ ಗೋಪುರ. ಗೋಪುರದ ಕೆಳಗೆ, ನೀರಿನ ಮಟ್ಟಕ್ಕಿಂತಲೂ ಕೆಳಗೆ, ಮದ್ದುಗುಂಡಿನ ಕೋಣೆ. ಯುದ್ಧದ ಸೈರನ್ ಕೂಗಿದೊಡನೆ ಐವರು ಏಣಿ ಇಳಿದು ಆ ಕೋಣೆಗೆ ಹೋಗುತ್ತಿದ್ದರು. ಮೇಲಿನ ಕಬ್ಬಿಣದ ಮುಚ್ಚಳವನ್ನು ಮುಚ್ಚಿ ಹಿಡಿಕೆ ಬಿಗಿಯುವವನು ಸಂಗಮನಾಥ. ಒಳಗಿನಿಂದ ಅದನ್ನು ತೆರೆಯಲು ಬರುತ್ತಿರಲಿಲ್ಲ.

ಅವನ ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಗೋಡೆಗೆ ಒಂದು ಕೆಂಪು ಚಕ್ರವಿತ್ತು. ಕೆಳಗೆ ಬೆಂಕಿ ಬಿದ್ದರೆ, ಅಪ್ಪಣೆ ಬಂದರೆ, ಅದನ್ನು ತಿರುಗಿಸಬೇಕು. ತಿರುಗಿಸಿದರೆ ಸಮುದ್ರವೇ ಕೋಣೆಗೆ ನುಗ್ಗುತ್ತದೆ, ಮದ್ದು ಸಿಡಿಯುವುದಿಲ್ಲ, ಹಡಗು ಉಳಿಯುತ್ತದೆ. ಒಳಗಿದ್ದ ಐವರ ಬಗ್ಗೆ ಅಪ್ಪಣೆಯಲ್ಲಿ ಏನೂ ಇರಲಿಲ್ಲ.

ಒಂದು ಸಂಜೆ ಆ ಚಕ್ರದ ಮೇಲೆ ಅವನು ಎರಡೂ ಕೈ ಇಟ್ಟಿದ್ದ. ಹೊಗೆಯ ವಾಸನೆ ಬಂದಿತ್ತು, ಸಿದ್ಧವಾಗಿರು ಎಂಬ ಅಪ್ಪಣೆಯೂ ಬಂದಿತ್ತು. ಆಮೇಲೆ ಫೋನಿನಲ್ಲಿ ಅಧಿಕಾರಿಯ ದನಿ, ಕೆಳಗಿನವರು ಇದ್ದಾರೆಯೇ ನೋಡು ಎಂದಿತು. ಅವನು ಮುಚ್ಚಳದ ಮೇಲೆ ಮೂರು ಸಲ ತಟ್ಟಿ ಕಾದ. ಕೆಳಗಿನಿಂದ ಎರಡು ಪೆಟ್ಟು ಬಂತು. ಹೊಗೆ ಬಂದದ್ದು ಪಕ್ಕದ ಮೋಟಾರಿನಿಂದ ಎಂದು ಆಮೇಲೆ ತಿಳಿಯಿತು. ಚಕ್ರ ತಿರುಗಲಿಲ್ಲ. ಆದರೆ ತಟ್ಟುವುದಕ್ಕೂ ಉತ್ತರಕ್ಕೂ ನಡುವಿನ ಆ ಒಂದು ಉಸಿರು ಅವನೊಳಗೇ ಉಳಿದುಬಿಟ್ಟಿತು. ಇಂದಿಗೂ ಅವನು ಕಪಾಟಿನ ಮುಂದೆ ನಿಂತು ಕಾಯುವುದು ಆ ಉಸಿರನ್ನೇ.

ಐವರು ಮೇಲೆ ಬರುವುದಕ್ಕೂ ಒಂದು ಕ್ರಮವಿತ್ತು. ಅಪಾಯ ಕಳೆದ ಮೇಲೆ ಅವನು ಮುಚ್ಚಳ ತೆಗೆದು ಹೆಸರು ಕರೆಯಬೇಕು. ಕರೆದವನು ಮಾತ್ರ ಏಣಿ ಹತ್ತಿ, ಮೇಲೆ ಬಂದು ತನ್ನ ಹೆಸರು ಹೇಳಬೇಕು. ಅವನು ಹತ್ತಿದೊಡನೆ, ಒಬ್ಬ ಹೋದ ಎಂದು, ಕೆಳಗಿದ್ದವರಲ್ಲಿ ಹಿರಿಯನಾದವನು ಏಣಿಗೆ ಒಂದು ಪೆಟ್ಟು ಹೊಡೆಯುತ್ತಿದ್ದ. ಮೊದಲು ರೇವಪ್ಪ, ಕೆಮ್ಮುತ್ತಾ ಬರುತ್ತಿದ್ದ. ಆಮೇಲೆ ಭಾಸ್ಕರನ್, ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಆಮೇಲೆ ಗುರ್ಚರಣ, ಅವನ ಹೆಗಲಿಗೆ ಆ ಬಾಯಿ ಸಾಲದು, ಅಡ್ಡಡ್ಡ ಹೊರಳಿ ಬರಬೇಕು. ನಾಲ್ಕನೆಯವನು ಗಿಡ್ಡ, ಹಡಗಿನಲ್ಲೆಲ್ಲ ಅವನಿಗೆ ಛೋಟೇ ಎಂದೇ ಹೆಸರು. ಏಣಿಯ ಕೊನೆಯ ಮೆಟ್ಟಿಲಿನಿಂದ ಅವನಿಗೆ ಅಂಚು ಎಟುಕುತ್ತಿರಲಿಲ್ಲ, ಕೈ ಮೇಲೆತ್ತಿ ನಿಲ್ಲುತ್ತಿದ್ದ. ಸಂಗಮನಾಥ ಬಗ್ಗಿ ಎಳೆದುಕೊಳ್ಳುತ್ತಿದ್ದ. ಕೊನೆಗೆ, ಏಣಿಗೆ ಪೆಟ್ಟು ಹೊಡೆಯುತ್ತಿದ್ದ ಹಿರಿಯ, ಜಯರಾಮ. ಉಡುಪಿ ಕಡೆಯವನು. ಅವನು ಮೇಲೆ ಬಂದು ಪ್ರತಿ ಸಲವೂ ಸಂಗಮನಾಥನಿಗೆ ಒಂದೇ ಮಾತು ಹೇಳುತ್ತಿದ್ದ.

"ಎಂತ ಯಮಧರ್ಮ, ಇವತ್ತೂ ನಮ್ಮನ್ನು ಬಿಟ್ಟೆಯಾ?"

ಆ ಜಯರಾಮ ಆಮೇಲೆ ನಾಸಿಕದ ಸಾತಪುರದಲ್ಲಿ ಹೋಟೆಲು ಹಾಕಿದ. ಪಾಳಿ ಮುಗಿಸಿ ಬರುವ ಕಾರ್ಖಾನೆಯವರಿಗೆ ಇಡ್ಲಿ, ಗೋಳಿಬಜೆ, ಮಧ್ಯಾಹ್ನ ಊಟ. ಪ್ರತಿ ಡಿಸೆಂಬರಿನಲ್ಲೂ ಒಂದು ದಿನ ಸಂಗಮನಾಥ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದ. ಹಿಂದೆ ಬೇರೆಯವರೂ ಬರುತ್ತಿದ್ದರು, ಒಬ್ಬೊಬ್ಬರಾಗಿ ತೀರಿಕೊಂಡರು. ಈಗ ಇಬ್ಬರೇ. ಊಟದ ಗದ್ದಲ ಇಳಿದ ಮೇಲೆ ಮೂಲೆಯ ಮೇಜಿನಲ್ಲಿ ಕುಳಿತು ಜಯರಾಮ ಹೋದವರ ಹೆಸರು ಹೇಳುತ್ತಿದ್ದ. ಒಂದೊಂದು ಹೆಸರಿಗೂ ಸಂಗಮನಾಥ ಮೇಜಿನ ಮೇಲೆ ಮೂರು ಸಲ ತಟ್ಟುತ್ತಿದ್ದ. ಹೆಸರು ಜಯರಾಮನ ಕೆಲಸ, ತಟ್ಟುವುದು ಇವನ ಕೆಲಸ. ಎರಡು ವರ್ಷದಿಂದ ಜಯರಾಮನಿಗೆ ಮರೆವು ಹತ್ತಿದೆ. ಕಳೆದ ಡಿಸೆಂಬರಿನಲ್ಲಿ ಅವನು ತಟ್ಟೆ ಇಟ್ಟ ಮಗ ಸ್ವರೂಪನನ್ನು ನೋಡಿ, ನೀನು ಯಾವ ಮೆಸ್ಸಿನವನು ಎಂದು ಕೇಳಿದ್ದ. ಆದರೆ ನಾಲ್ಕೂ ಹೆಸರುಗಳನ್ನು ತಪ್ಪಿಲ್ಲದೆ ಹೇಳಿದ್ದ.

ಈ ವರ್ಷ ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಜಯರಾಮನ ಹೆಂಡತಿ ಗುಣವತಿ ಫೋನು ಮಾಡಿದರು. ಗಡಿಯಲ್ಲಿ ಬಿಸಿ ಏರಿತ್ತು, ದೇಶದ ಊರೂರುಗಳಲ್ಲಿ ಯುದ್ಧದ ಕವಾಯತು ನಡೆಸುತ್ತಾರೆ, ಸಂಜೆ ನಾಲ್ಕಕ್ಕೆ ಸೈರನ್ ಕೂಗುತ್ತದೆ ಎಂದು ಟೀವಿಯವರು ಹೇಳುತ್ತಲೇ ಇದ್ದರು. ಪಾಳಿ ಬದಲಾದಾಗ ಕೂಗುವ ಕಾರ್ಖಾನೆಯ ಭೋಂಗಾ ಜಯರಾಮನಿಗೆ ರೂಢಿಯಾಗಿತ್ತು. ಏರಿ ಇಳಿಯುವ ಸೈರನ್ ಮಾತ್ರ ಬೇರೆ. ಹೋದ ತಿಂಗಳು ರಸ್ತೆಯಲ್ಲಿ ಒಂದು ಅಗ್ನಿಶಾಮಕ ಗಾಡಿ ಹೋದದ್ದಕ್ಕೇ ಅವನು ಉಗ್ರಾಣದೊಳಗೆ ಹೋಗಿ ಚಿಲಕ ಹಾಕಿಕೊಂಡು ಕುಳಿತಿದ್ದನಂತೆ. ಕೊನೆಗೆ ಉಗ್ರಾಣದ ಮರದ ಬಾಗಿಲನ್ನೇ ಒಡೆಯಬೇಕಾಯಿತು.

"ಬೇರೆ ಊರಿಗೆ ಕರ್ಕೊಂಡು ಹೋಗುವ ಅಂದ್ರೆ ಎಲ್ಲ ಕಡೆಯೂ ಕೂಗ್ತದಂತೆ, ಸಂಗಮಣ್ಣ. ನೀವೊಬ್ರು ಪಕ್ಕದಲ್ಲಿ ಇದ್ರೆ ಅವರು ಕೂತಲ್ಲೇ ಕೂತಾರು."

"ಬರ್ತೀನ್ ತಂಗಿ. ನಾಲ್ಕರೊಳಗ ಬರ್ತೀನಿ," ಎಂದ ಸಂಗಮನಾಥ.

ನಾಗಮ್ಮ ಎರಡು ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಬಿಸಿಲಿಗೆ ಹೋಗಬೇಡಿ ಎನ್ನಲು ಬಾಯಿ ತೆರೆದವಳು ಗಂಡನ ಮುಖ ನೋಡಿ ನೀರಿನ ಬಾಟಲಿಯನ್ನೂ ಚೀಲಕ್ಕೆ ಹಾಕಿದಳು.

ವೈಜಾಪುರದವರೆಗೆ ಬಸ್ಸು ಚೆನ್ನಾಗಿಯೇ ಓಡಿತು. ಯೇವಲಾ ದಾಟಿ, ಲಾಸಲಗಾಂವ್ ಕಡೆ ತಿರುಗುವ ಚೌಕದ ಹತ್ತಿರ ಬಂದಾಗ ನಿಂತಿತು. ಮುಂದೆ ಕಣ್ಣು ಹಾಯುವಷ್ಟು ದೂರ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು. ಒಂದರ ಅಚ್ಚು ಮುರಿದು ಟ್ರಾಲಿ ಅಡ್ಡಲಾಗಿ ಬಿದ್ದಿತ್ತು, ಈರುಳ್ಳಿ ರಸ್ತೆಯ ತುಂಬ ಉರುಳಿತ್ತು. ಜನ ಇಳಿದು ನೆರಳಿಗೆ ಹೋದರು. ಸಂಗಮನಾಥ ಇಳಿಯಲಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ತಾನು ಕೂತರೇನೆ ಬಸ್ಸು ಹೊರಡುತ್ತದೆ ಎಂಬಂತೆ ಕುಳಿತ. ಕಂಡಕ್ಟರ್ ಬಂದು, ಕಾಕಾ, ಒಳಗೆ ಬೆಂದುಹೋಗುತ್ತೀರಿ ಎಂದು ಮರಾಠಿಯಲ್ಲಿ ಗದರಿದ. ನಾಲ್ಕಕ್ಕೆ ಮುಟ್ಟುತ್ತದೆಯೇ ಎಂದಷ್ಟೇ ಇವನು ಕೇಳಿದ. ಈರುಳ್ಳಿಯನ್ನು ಕೇಳಿ ಎಂದು ಕಂಡಕ್ಟರ್ ನಕ್ಕ.

ಬಸ್ಸು ನಾಸಿಕದ ಅಂಚು ಮುಟ್ಟುವಾಗ ಸ್ವರೂಪನ ಫೋನು ಬಂತು. ಅವನು ಮಾತಾಡುವ ಮೊದಲೇ ಸೈರನ್ ಕೇಳಿತು, ಫೋನಿನೊಳಗಿಂದಲೇ, ಏರುತ್ತ ಇಳಿಯುತ್ತ. ಅದರ ಮೇಲೆ ಸ್ವರೂಪನ ದನಿ ಎಡವುತ್ತಿತ್ತು. ನಾಸಿಕದಲ್ಲೇ ಹುಟ್ಟಿ ಬೆಳೆದ ಅವನ ಕನ್ನಡ ಯಾವಾಗಲೂ ಅರ್ಧ ದಾರಿಯಲ್ಲಿ ಮರಾಠಿಗೆ ತಿರುಗುತ್ತದೆ. ಉಗ್ರಾಣಕ್ಕೆ ಬೆಳಿಗ್ಗೆಯೇ ಬೀಗ ಹಾಕಿದ್ದನಂತೆ. ಅಪ್ಪ ಬೀಗವನ್ನು ಒಮ್ಮೆ ಎಳೆದು ನೋಡಿ, ಯಾರೂ ಹಿಡಿಯುವ ಮೊದಲೇ ಹಿತ್ತಲಿಗೆ ನಡೆದು, ಸಿಲಿಂಡರ್ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾನೆ. ಹಿಂದೆ ಅದು ಕೆಲಸದವರ ಬಚ್ಚಲು, ಹಾಗಾಗಿ ಒಳಗೆ ಚಿಲಕ ಉಂಟು. ಬಾಗಿಲು ಕಬ್ಬಿಣದ್ದು.

"ಅಂಕಲ್, ವಾಸ್ ಯೇತೋಯ್... ಗ್ಯಾಸ್ ವಾಸನೆ ಬರ್ತಾ ಇದೆ."

ಒಳಗೆ ಓಡಾಡುವಾಗ ಯಾವುದೋ ಪೈಪನ್ನು ಕಾಲಿನಿಂದ ಎಳೆದಿರಬೇಕು. ರೆಗ್ಯುಲೇಟರುಗಳೆಲ್ಲ ಒಳಗೇ ಇವೆ. ಅಡುಗೆಮನೆಯ ಒಲೆಗಳನ್ನೆಲ್ಲ ಆರಿಸಿದ್ದಾರೆ, ಮೇನ್ ಸ್ವಿಚ್ ತೆಗೆದಿದ್ದಾರೆ, ಗಿರಾಕಿಗಳನ್ನು ಹೊರಗೆ ಕಳಿಸಿದ್ದಾರೆ. ಅಗ್ನಿಶಾಮಕದವರಿಗೆ ಹೇಳಿದೆ, ಕವಾಯತಿನ ಜಾಗದಿಂದ ಗಾಡಿ ಹೊರಟಿದೆ, ಮುಚ್ಚಿದ ರಸ್ತೆಗಳನ್ನು ಬಳಸಿ ಬರಬೇಕು. ಪಕ್ಕದ ವರ್ಕ್‌ಶಾಪಿನಿಂದ ಕಟರ್ ತಂದಿದ್ದಾರೆ. ಕೊಯ್ಯಲೇ?

"ಕಟರ್ ಹಚ್ಚಬ್ಯಾಡ," ಎಂದ ಸಂಗಮನಾಥ. "ಒಂದು ಕಿಡಿ ಸಾಕು. ಸುತ್ತಿಗೀನೂ ಬ್ಯಾಡ. ಅಂವನ್ನ ಒದರಿ ಕರೀಬ್ಯಾಡ್ರಿ, ಗಾಬರಿ ಆಗ್ತಾನ. ನಾ ಬಂದೆ."

ನಾಸಿಕದ ಹೊರವಲಯದಲ್ಲೇ ಇಳಿದು ರಿಕ್ಷಾ ಹಿಡಿದ. ಸೈರನ್ ಆ ಹೊತ್ತಿಗೆ ನಿಂತಿತ್ತು. ಆದರೆ ಜಯರಾಮನಿಗೆ ಅದು ನಿಂತಿರಲಾರದು ಎಂದು ಅವನಿಗೆ ಗೊತ್ತಿತ್ತು. ಹಡಗಿನಲ್ಲಿ ಸೈರನ್ ನಿಂತರೂ ಯಾರೂ ಹತ್ತುತ್ತಿರಲಿಲ್ಲ. ಮುಚ್ಚಳ ತೆಗೆದವನು ಕರೆಯಬೇಕು.

ಹೋಟೆಲಿನ ಹಿತ್ತಲಿನಲ್ಲಿ ಗಾಳಿ ಅಲುಗುತ್ತಿರಲಿಲ್ಲ. ಕೊಳೆತ ಮೊಟ್ಟೆಯಂಥ ವಾಸನೆ ನೆಲದ ಮಟ್ಟದಲ್ಲಿ ಹರಡಿತ್ತು. ಗುಣವತಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಸೆರಗು ಮೂಗಿಗೆ. ಕೋಣೆಯ ಮೇಲ್ಗಡೆ ಒಂದು ಸಣ್ಣ ಜಾಲರಿ ಕಿಂಡಿ ಇತ್ತು, ಮನುಷ್ಯ ನುಸುಳುವಷ್ಟು ದೊಡ್ಡದಲ್ಲ. ಅದರ ಮೂಲಕ ಒಳಗಿನ ಉಸಿರಾಟ ಕೇಳುತ್ತಿತ್ತು, ದೊರಗು ಉಸಿರಾಟ.

ಸಂಗಮನಾಥ ಚೀಲವನ್ನು ದೂರ ಇಟ್ಟ. ಬಾಗಿಲಿಗೆ ಗೆಣ್ಣಿನಿಂದ ಮೂರು ಸಲ ತಟ್ಟಿದ. ಒಂದು ಉಸಿರು ಕಾದ.

ಒಳಗಿನಿಂದ ಎರಡು ಪೆಟ್ಟು ಬಂತು. ಬರಿಗೈಯ ಪೆಟ್ಟು, ಮೆತ್ತಗೆ.

ಗುಣವತಿ ಬಾಯಿ ಮುಚ್ಚಿಕೊಂಡು ಅತ್ತರು. ಅಷ್ಟು ಹೊತ್ತಿನಿಂದ ಯಾರ ಕೂಗಿಗೂ ಅವನು ಉತ್ತರಿಸಿರಲಿಲ್ಲ.

"ರೆಗ್ಯುಲೇಟರ್ ತಿರುಗಿಸ್ಲಿಕ್ಕೆ ಹೇಳಿ ಅಂಕಲ್," ಎಂದು ಸ್ವರೂಪ ಪಿಸುಗುಟ್ಟಿದ.

ಸಂಗಮನಾಥ ತಲೆ ಅಲ್ಲಾಡಿಸಿದ. ಒಳಗಿನವರು ಚಕ್ರ ಮುಟ್ಟುವುದಿಲ್ಲ. ಚಕ್ರ ಯಾವಾಗಲೂ ಹೊರಗಿನವನದು. ಜಯರಾಮ ಆ ಕೋಣೆಯಲ್ಲಿ ಅದನ್ನು ಹುಡುಕಲೂ ಆರ. ಅವನು ಬಾಗಿಲಿಗೆ ಬಾಯಿ ಹತ್ತಿರ ಇಟ್ಟು, ಹಡಗಿನಲ್ಲಿ ಕರೆಯುತ್ತಿದ್ದ ದನಿಯಲ್ಲೇ, ಜಯರಾಮ ಎಂದು ಕರೆದ.

ಇನ್ನೊಮ್ಮೆ ಕರೆದ. ಒಳಗಿನ ಉಸಿರಾಟ ಬಾಗಿಲಿನಿಂದ ದೂರ ಸರಿದು, ಒಳಗೆ, ಇನ್ನೂ ಒಳಗೆ ಹೋಯಿತು. ಸಿಲಿಂಡರಿಗೆ ಏನೋ ತಾಗಿದ ಸದ್ದು. ವಾಸನೆ ಮೊದಲಿಗಿಂತ ದಟ್ಟವಾಯಿತು.

ಆಗ ಅವನಿಗೆ ತಾನು ಮಾಡಿದ ತಪ್ಪು ಹೊಳೆಯಿತು. ಎಲ್ಲರೂ ಮಾಡಿದ ತಪ್ಪು ಅದೇ. ಹೆಂಡತಿ, ಮಗ, ಈಗ ತಾನೂ. ಎಲ್ಲರೂ ಕರೆದದ್ದು ಜಯರಾಮನೊಬ್ಬನನ್ನೇ. ಕೊನೆಗೆ ಹತ್ತುವವನನ್ನು ಮೊದಲು ಕರೆದರೆ ಅವನು ಹೇಗೆ ಬರುತ್ತಾನೆ? ಅವನ ಜೊತೆ ಇನ್ನೂ ನಾಲ್ವರು ಇದ್ದಾರೆ.

ಅವನು ಉಸಿರು ಎಳೆದುಕೊಂಡ.

"ರೇವಪ್ಪ."

ಕಾದ. ಒಳಗೆ ಹೆಜ್ಜೆಯ ಸದ್ದು. ಗೋಡೆಯ ಮೇಲೆ ಒಂದು ಪೆಟ್ಟು.

"ಭಾಸ್ಕರನ್."

ಒಂದು ಪೆಟ್ಟು, ಇನ್ನಷ್ಟು ಹತ್ತಿರದಿಂದ.

"ಗುರ್ಚರಣ."

ಸ್ವಲ್ಪ ತಡ. ದೊಡ್ಡ ಹೆಗಲಿನವನು ಅಡ್ಡ ಹೊರಳುವಷ್ಟು ತಡ. ಆಮೇಲೆ ಪೆಟ್ಟು.

ನಾಲ್ಕನೆಯ ಹೆಸರಿಗೆ ಅವನು ಬಾಯಿ ತೆರೆದ. ಅಲ್ಲಿ ಏನೂ ಇರಲಿಲ್ಲ. ಗಿಡ್ಡ ಮೈ ಕಂಡಿತು, ಎಣ್ಣೆ ಹಚ್ಚಿ ಬಾಚಿದ ತಲೆ ಕಂಡಿತು, ಹೆಸರು ಬರಲಿಲ್ಲ. ಛೋಟೇ ಎಂದು ಕರೆದು ನೋಡಿದ. ಪೆಟ್ಟು ಬೀಳಲಿಲ್ಲ. ಅಡ್ಡಹೆಸರು ಮೆಸ್ಸಿನಲ್ಲಿ ನಡೆಯುತ್ತಿತ್ತು, ಮುಚ್ಚಳದ ಬಾಯಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿ ಪಡೆಗೆ ಕೊಟ್ಟ ಹೆಸರೇ ಆಗಬೇಕು. ಆ ಹೆಸರನ್ನು ಪ್ರತಿ ಡಿಸೆಂಬರಿನಲ್ಲೂ ಅವನು ಕೇಳಿದ್ದ, ಅದಕ್ಕೆ ತಟ್ಟಿದ್ದ. ಹೇಳಿದ್ದು ಮಾತ್ರ ಜಯರಾಮ. ಅದು ಗೊತ್ತಿದ್ದ ಒಬ್ಬನೇ ಮನುಷ್ಯ ಈಗ ಈ ಬಾಗಿಲಿನ ಹಿಂದೆ, ಆ ಹೆಸರನ್ನು ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದಾನೆ.

ಸ್ವರೂಪ ಅವನ ತೋಳು ಹಿಡಿದು, ಏನಾಯಿತು ಎಂದು ಕೇಳಿದ. ವರ್ಕ್‌ಶಾಪಿನವನು ಕಟರ್ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಗುಣವತಿ ಕೈ ಅಡ್ಡ ಹಿಡಿದು ಅವನನ್ನು ತಡೆದರು. ಒಳಗೆ ಜಯರಾಮ ಕೆಮ್ಮಿದ. ಒಮ್ಮೆ, ಆಮೇಲೆ ಬಿಡದೆ.

ಸಂಗಮನಾಥ ಕಣ್ಣು ಮುಚ್ಚಿದ. ತಲೆಯಲ್ಲಿ ಹುಡುಕುವುದನ್ನು ಬಿಟ್ಟ. ಬಾಗಿಲಿನ ಮುಂದೆ ನಿಧಾನವಾಗಿ ಮಂಡಿಯೂರಿದ, ಎಡಗೈಯನ್ನು ನೆಲಕ್ಕೆ ಊರಿ ಬಲಗೈಯನ್ನು ಕೆಳಗೆ ಚಾಚಿದ. ಅಲ್ಲಿ ಏಣಿ ಇದ್ದಂತೆ, ಅದರ ತುದಿಯಲ್ಲಿ ಒಂದು ಕೈ ಮೇಲೆತ್ತಿ ನಿಂತಿರುವಂತೆ. ನೋಡುತ್ತಿದ್ದವರು ಅವನೂ ಗ್ಯಾಸಿಗೆ ಕುಸಿದ ಎಂದುಕೊಂಡರು. ಸ್ವರೂಪ ಎಬ್ಬಿಸಲು ಬಗ್ಗಿದ. ಸಂಗಮನಾಥ ಹುಬ್ಬು ಗಂಟಿಕ್ಕಿ ಅವನನ್ನು ದೂರ ನಿಲ್ಲಿಸಿದ. ಅವನ ಬೆರಳುಗಳು ಮಡಿಚಿಕೊಂಡವು. ಹೆಗಲು ಭಾರಕ್ಕೆ ಜಗ್ಗಿತು. ಆ ಗಿಡ್ಡ ಹುಡುಗನನ್ನು ಎಳೆದುಕೊಳ್ಳುವಾಗ ಅವನ ಮುಖ ಪ್ರತಿ ಸಲವೂ ಇವನ ಕಿವಿಯ ಪಕ್ಕಕ್ಕೇ ಬರುತ್ತಿತ್ತು. ಹೆಸರಷ್ಟೇ ಹೇಳು ಎಂದು ಅಧಿಕಾರಿ ಎಷ್ಟು ಬೈದರೂ ಅವನು ಊರನ್ನೂ ಸೇರಿಸಿಯೇ ಹೇಳುತ್ತಿದ್ದ, ಬಿಸಿ ಉಸಿರಿನಲ್ಲಿ, ನಗುತ್ತಾ.

"ಮಹಿಬೂಬ," ಎಂದ ಸಂಗಮನಾಥ. "ಮಹಿಬೂಬ, ಬಿಜಾಪುರ."

ಕೆಮ್ಮು ನಿಂತಿತು. ಗೋಡೆಗೆ ಒಂದು ಪೆಟ್ಟು ಬಿತ್ತು, ಬಾಗಿಲಿನ ತೀರ ಪಕ್ಕದಲ್ಲಿ.

ಅವನು ಬಾಗಿಲು ಹಿಡಿದು ಎದ್ದು ನಿಂತ. ಕೊನೆಯ ಹೆಸರು ಕರೆದ.

"ಜಯರಾಮ. ಸಾವಕಾಶ ಹತ್ತು."

ಚಿಲಕ ಅಲುಗಿತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು. ಚಿಲಕ ಅರ್ಧಕ್ಕೆ ನಿಂತಿತು, ಮತ್ತೆ ಸರಿಯಿತು. ಬಾಗಿಲು ತೆರೆದುಕೊಂಡಿತು.

ಸ್ವರೂಪ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ನುಗ್ಗಿದ. ಒಂದಾದ ಮೇಲೊಂದು ರೆಗ್ಯುಲೇಟರ್ ತಿರುಗಿಸುವ ಸದ್ದು ಕೇಳಿಸಿತು. ಜಯರಾಮ ಹೊಸ್ತಿಲಲ್ಲಿ ನೆಟ್ಟಗೆ ನಿಂತಿದ್ದ. ಬನಿಯನ್ ಬೆವರಿನಲ್ಲಿ ತೊಯ್ದಿತ್ತು, ಕಣ್ಣು ಕೆಂಪಾಗಿತ್ತು. ಗುಣವತಿ ಕೈ ಹಿಡಿದಾಗ ಅವನು ಅವರತ್ತ ನೋಡಲಿಲ್ಲ. ಸಂಗಮನಾಥನನ್ನೇ ನೋಡಿದ.

"ನಾಲ್ಕೂ ಜನ ಬಂದ್ರಾ?"

"ಬಂದಾರ. ನೀನಽ ಕಡೀಕ."

ಜಯರಾಮನ ಭುಜ ಇಳಿಯಿತು. ಆಮೇಲೆ ಬಾಯಿಯ ಒಂದು ಮೂಲೆ ಮಾತ್ರ ನಕ್ಕಿತು.

"ಎಂತ ಯಮಧರ್ಮ," ಎಂದ. "ಇವತ್ತು ಭಾರಿ ತಡ ಮಾಡಿದೆಯಲ್ಲ ಮಾರಾಯ."

ಅಗ್ನಿಶಾಮಕದವರು ಬಂದು ಕೋಣೆಯನ್ನು ನೋಡಿ, ಕಳಚಿದ ಪೈಪನ್ನು ತೋರಿಸಿ, ಸ್ವರೂಪನಿಗೆ ಚೆನ್ನಾಗಿ ಬೈದು ಹೋದರು. ಹತ್ತಿರದ ಡಾಕ್ಟರು ಬಂದು ಜಯರಾಮನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬಯಲು ಗಾಳಿಯಲ್ಲಿ ಕೂರಿಸಿ ಎಂದರು. ಹೋಟೆಲಿನ ಮುಂದಿನ ಕಟ್ಟೆಯ ಮೇಲೆ ಗುಣವತಿ ಅವನಿಗೆ ಮಜ್ಜಿಗೆ ಕುಡಿಸಿದರು. ಅವನಿಗೆ ಆಗಲೇ ನಡೆದದ್ದು ನೆನಪಿರಲಿಲ್ಲ. ನಾಗಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನು ಮುರಿದು, ಇದು ಇಷ್ಟು ಗಟ್ಟಿ ಯಾಕೆ, ಹಲ್ಲು ಬೀಳಿಸುವ ಮದ್ದುಗುಂಡು ಎಂದು ನಕ್ಕ. ಪಾಳಿ ಬಿಟ್ಟ ಕಾರ್ಮಿಕರ ಬೈಕುಗಳು ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದವು. ಕವಾಯತು ಮುಗಿದ ಊರು ಎಂದಿನ ಊರಾಗಿತ್ತು.

ಸಂಗಮನಾಥ ತನ್ನ ಮಜ್ಜಿಗೆಯ ಲೋಟವನ್ನು ಕುಡಿಯದೆ ಕಟ್ಟೆಯ ಮೇಲಿಟ್ಟ. ಮುಂದಿನ ಸೈರನ್ ಯಾವತ್ತೋ ಯಾರಿಗೆ ಗೊತ್ತು. ಆ ದಿನ ಈರುಳ್ಳಿಯ ಟ್ರ್ಯಾಕ್ಟರು ಮತ್ತೆ ಅಡ್ಡ ಬೀಳಬಹುದು. ತಾನೇ ಇರದೆ ಹೋಗಬಹುದು. ಇವತ್ತು ಜಾರಿದ ಹೆಸರು ಆಗ ಬಾರದೇ ಇರಬಹುದು. ಅವನು ಸ್ವರೂಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಐದೂ ಹೆಸರುಗಳನ್ನು ಕ್ರಮವಾಗಿ ಹೇಳಿಕೊಟ್ಟ.

ಸ್ವರೂಪ ಮೊಬೈಲು ತೆಗೆದ, ಬರೆದುಕೊಳ್ಳುತ್ತೇನೆ ಎಂದ. ಬರೆದುಕೋ, ಬೇಡ ಅನ್ನುವುದಿಲ್ಲ, ಆದರೆ ಕತ್ತಲಲ್ಲಿ ಬಾಗಿಲ ಮುಂದೆ ನಿಂತಾಗ ಬಾಯಲ್ಲಿರಬೇಕು ಎಂದ ಸಂಗಮನಾಥ. ಸ್ವರೂಪ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಹೇಳತೊಡಗಿದ. ಎರಡು ಸಲ ಭಾಸ್ಕರನ್‌ನನ್ನು ಬಿಟ್ಟು ಗುರ್ಚರಣನಿಗೆ ಹಾರಿದ, ಎರಡು ಸಲವೂ ಮೊದಲಿನಿಂದ ಶುರು ಮಾಡಬೇಕಾಯಿತು. ಮಹಿಬೂಬನ ಹೆಸರು ಹೇಳುವಾಗ ಊರನ್ನೂ ಸೇರಿಸಬೇಕು ಎಂದು ಸಂಗಮನಾಥ ತಿದ್ದಿದ. ಮಜ್ಜಿಗೆ ಕುಡಿಯುತ್ತಿದ್ದ ಜಯರಾಮ, ಮಗನ ಬಾಯಿಂದ ಒಂದೊಂದು ಹೆಸರು ಬಂದಾಗಲೂ, ತನಗೆ ತಿಳಿಯದೆಯೇ, ಲೋಟವನ್ನು ಕಟ್ಟೆಗೆ ಒಮ್ಮೆ ತಾಗಿಸುತ್ತಿದ್ದ.

"ಕಡೀಕ ಯಾರು?" ಎಂದು ಕೇಳಿದ ಸಂಗಮನಾಥ.

"ಅಪ್ಪ."

"ಅಪ್ಪ ಅಲ್ಲ. ಹೆಸರು ಹೇಳು."

ಹುಟ್ಟಿದಂದಿನಿಂದ ಆ ಹೆಸರನ್ನು ಅವನು ಅಪ್ಪನ ಎದುರಿಗೆ ಹೇಳಿರಲಿಲ್ಲ. ತಾಯಿಯ ಕಡೆ ಒಮ್ಮೆ ನೋಡಿದ. ಗುಣವತಿ ತಲೆಯಾಡಿಸಿದರು.

"ಜಯರಾಮ," ಎಂದ ಸ್ವರೂಪ, ಮೆಲ್ಲಗೆ.

ಜಯರಾಮ, ಕರೆ ಬಂದವನಂತೆ, ಲೋಟ ಕೆಳಗಿಟ್ಟು ಎದ್ದು ನಿಂತ.